ತೆಕ್‌ಬುನ್ ತಿರುಗಿಸಿ ನೋಡದ ಹುಲಿ

ಫಾರ್ಮೋಸಾ ಗಣರಾಜ್ಯದ ಹುಲಿ ಸ್ಟಾಂಪು ಇದೆಯಲ್ಲ, ಅದರ ಇಡೀ ಹಾಳೆಯನ್ನೇ ಒಮ್ಮೆ ಈ ಅಂಗೈಯಲ್ಲಿ ಹಿಡಿದಿದ್ದೆ, ಗೊತ್ತಾ? ...ಸುಳ್ಳು. ಹಿಡಿದದ್ದು ಕಡಲೆಕಾಯಿ ಕಟ್ಟಿದ ಕಾಗದ. ಆದರೆ ಇನ್ನು ಮುಂದೆ ಹೇಳುವುದು ನಿಜ. ನನ್ನನ್ನು ನಂಬಬೇಡಿ, ತೆಕ್‌ಬುನ್‌ನನ್ನು ನಂಬಿ. ನಮ್ಮ ದೊಡ್ಡಪ್ಪನ ಮಗ. ಸುಳ್ಳು ಹೇಳುವ ವಿದ್ಯೆಯೆಲ್ಲ ನಮ್ಮ ಮನೆತನದಲ್ಲಿ ನನ್ನ ಪಾಲಿಗೇ ಬಂದುಬಿಟ್ಟಿತು. ಅವನಿಗೆ ಚೂರೂ ಉಳಿಯಲಿಲ್ಲ.

ತೈನಾನಿನ ಹಳೇ ಮಾರುಕಟ್ಟೆಯ ಹಿಂದೆ ಅವನದೊಂದು ಗೂಡಂಗಡಿ. ಹುಟ್ಟಿ ಹೆಸರಿಡುವುದರೊಳಗೆ ಸತ್ತ ದೇಶಗಳ ಸ್ಟಾಂಪು ನೋಡಿ, ಅಸಲಿಯೋ ನಕಲಿಯೋ, ಎಷ್ಟು ಬಾಳುತ್ತದೆ ಅಂತ ಹೇಳುವುದು ಕಸುಬು. ಅದರಲ್ಲೂ ನಮ್ಮೂರಿನದೇ ಹುಲಿ. ಜಪಾನಿನವರ ಕೈ ಸೇರುವ ಮುಂಚೆ ಈ ದ್ವೀಪ ಫಾರ್ಮೋಸಾ ಅನ್ನುವ ಹೆಸರಲ್ಲಿ ತಾನೂ ಒಂದು ದೇಶ ಅಂತ ಸಾರಿಕೊಂಡು, ಬೇಸಿಗೆಯಲ್ಲಿ ಹುಟ್ಟಿ ಚಳಿ ಬರುವುದರೊಳಗೆ ಕಣ್ಣು ಮುಚ್ಚಿತಲ್ಲ, ಆ ದೇಶದ್ದು. ದೇಶ ಬದುಕಿದ್ದಾಗ ಅಚ್ಚಾದ ಹುಲಿಗಳಿಗಿಂತ ಸತ್ತ ಮೇಲೆ ಕಳ್ಳರು ಅಚ್ಚು ಹಾಕಿದವೇ ಜಾಸ್ತಿ.

"ಮುಖ ಯಾರು ಬೇಕಾದ್ರೂ ಬರೀತಾರೆ. ತಿರುಗಿಸಿ ನೋಡ್ಬೇಕು," ಅನ್ನುತ್ತಿದ್ದ. ಹಿಂಬದಿಯಲ್ಲಿ ಏನು ನೋಡುತ್ತಾನೆ? ನನಗೆ ಮಾತ್ರ ಹೇಳುವುದಿಲ್ಲ. ಹೇಳಿದರೆ ಮಾರನೇ ದಿನವೇ ನಾನು ಅಚ್ಚು ಹಾಕಲು ಕೂರುತ್ತೇನೆ ಅನ್ನುವ ಭಯ.

ಹೆಂಡತಿ ಸೊಕ್‌ಹುನ್ ಇದ್ದಾಗ ಅಡುಗೆಮನೆಯಿಂದಲೇ ಕೂಗುತ್ತಿದ್ದಳು: "ಅ-ಬುನ್, ತಿರುಗಿಸಿ ನೋಡಿದ್ಯಾ? ಅದು ಹುಲಿಯಲ್ಲ ಕಣೋ, ಅಳಿಲು!" ಮರದ ಚಪ್ಪಲಿ ಅವಳದು. ಎಡಗಾಲನ್ನು ಸ್ವಲ್ಪ ಎಳೆಯುತ್ತಿದ್ದಳು. ಟಕ್... ಸರ್ರ್. ಟಕ್... ಸರ್ರ್. ಅವಳು ತೀರಿ ಹೋದ ಮೇಲೆ 'ಅ-ಬುನ್' ಅನ್ನುವ ಆ ಮುದ್ದಿನ ಹೆಸರೂ ಹೋಯಿತು. ಮಾರುಕಟ್ಟೆಯವರಿಗೆ ಅವನು ಬರೀ 'ಸ್ಟಾಂಪ್ ಸಾರ್'. ಇಬ್ಬರಿಗಾಗುವಷ್ಟು ಅನ್ನ ಬೇಯಿಸಿ, ಒಬ್ಬನೇ ಉಂಡು, ಉಳಿದದ್ದನ್ನು ಬೆಳಿಗ್ಗೆ ಗಂಜಿ ಕಾಯಿಸಿಕೊಳ್ಳುತ್ತಿದ್ದ.

ಹೋದ ವರ್ಷ, ನಮ್ಮ ಪಂಚಾಂಗದ ಏಳನೇ ತಿಂಗಳು. ಸತ್ತವರನ್ನು ಊರ ಮೇಲೆ ಬಿಡುವ ತಿಂಗಳು. ರಾತ್ರಿ ಹಿಂದಿನಿಂದ ಯಾರೇ ಹೆಸರು ಹಿಡಿದು ಕೂಗಿದರೂ ತಿರುಗಬಾರದು. ಹೆಗಲಿಗೊಂದೊಂದು, ನೆತ್ತಿಗೊಂದು ಅಂತ ಮನುಷ್ಯನಿಗೆ ದೀಪಗಳಿರುತ್ತವೆ. ತಿರುಗಿದ ಕಡೆಯದು ಆರಿಹೋಗುತ್ತದೆ. ಎಲ್ಲವೂ ಆರಿದರೆ... ಇರಲಿ, ಮೊದಲು ಚಹಾ ಕುಡಿಯಿರಿ.

ಅವತ್ತು ಸಂಜೆ ಲಾವ್ ಅಜ್ಜಿ ಅಂತ ಒಬ್ಬಳು ಅವನನ್ನು ಮನೆಗೆ ಕರೆಸಿದ್ದಳು. ಗಂಡ ಅವಳಿಗೆ ಬಿಟ್ಟುಹೋದದ್ದು ಒಂದು ಸೋರುವ ಸೂರು, ಒಂದು ಹುಲಿ ಸ್ಟಾಂಪು.

"ಇದನ್ನ ಮಾರಿ ಸೂರು ಸರಿ ಮಾಡಿಸ್ಕೋ ಅಂದು ಸತ್ತ. ನೋಡು ಮಗಾ."

ಬೆಳಗಿನಿಂದ ನಕಲಿ ಹುಲಿಗಳನ್ನೇ ನೋಡಿ ತೆಕ್‌ಬುನ್‌ನ ಕಣ್ಣು ಬತ್ತಿತ್ತು. ಭೂತಗನ್ನಡಿ ಇಟ್ಟ, ತೆಗೆದ. "ನಕಲಿ, ಅಜ್ಜಿ."

"ನೋಡಿದ ಹಾಗೂ ಇಲ್ಲ, ಹೇಳೇಬಿಟ್ಟೆ!"

"ಇಂಥವು ಎಷ್ಟೋ ನೋಡಿದೀನಿ."

ಬಾಗಿಲಾಚೆ ತಗಡಿನ ಡಬ್ಬಿಯಲ್ಲಿ, ಸತ್ತವರಿಗೆ ಸುಟ್ಟು ಕಳಿಸುವ ಕಾಗದದ ದುಡ್ಡು ಜೋಡಿಸಿಟ್ಟಿತ್ತು. "ಆಗ್ಲಿ ಬಿಡು. ಇದನ್ನೂ ಅದರ ಜೊತೆ ಸುಟ್ಟುಬಿಡ್ತೀನಿ. ಅವನ ಹುಲಿ ಅವನೇ ಸಾಕ್ಕೊಳ್ಲಿ."

ಅವನು ಹೊರಟ. ಕತ್ತಲಾಗಿತ್ತು. ದಾರಿಯಲ್ಲಿ ಒಂದು ಪಾಳು ಬಾವಿ, ಅದರ ಮೇಲೆ ಬಾಗಿದ ಆಲ. ಬಾವಿಗೆ ಮುಚ್ಚಿದ ಕಬ್ಬಿಣದ ಜಾಲರಿಗೆ ಬಿಳಲು ಉಜ್ಜಿ ಕಿರ್ರ್... ಕಿರ್ರ್... ಅನ್ನುತ್ತಿತ್ತು. ಇದ್ದಕ್ಕಿದ್ದಂತೆ ಸದ್ದು ನಿಂತಿತು. ಗಾಳಿ ನಿಂತಿರಲಿಲ್ಲ.

ಹಿಂದೆ... ಟಕ್. ಸರ್ರ್.

ಅವನು ನಿಂತ. ಅದೂ ನಿಂತಿತು.

"ಅ-ಬುನ್..."

ಪಿಸುದನಿ. ನಾನೇ ಅಣಕಿಸುತ್ತಿದ್ದೇನೆ ಅಂದುಕೊಂಡು ಮೊದಲು ನನ್ನನ್ನೇ ಬೈದನಂತೆ: "ಲೋ ಕಪಿ, ಇವತ್ತು ಬೇಡ ಕಣೋ." ನಾನಲ್ಲ! ಅವತ್ತು ನಾನು ಕಾವೋಶಿಯುಂಗಿನ ಅತ್ತೆ ಮನೆಯಲ್ಲಿದ್ದೆ. ಬೇಕಾದರೆ ಅತ್ತೆಯನ್ನೇ ಕೇಳಿ. ನನ್ನ ಪರವಾಗಿ ಸುಳ್ಳು ಹೇಳುವ ಹೆಂಗಸಲ್ಲ ಅದು.

"ಅ-ಬುನ್... ತಿರುಗಿಸಿ ನೋಡಿದ್ಯಾ?"

ನೋಡಿರಲಿಲ್ಲ. ಇಷ್ಟು ವರ್ಷದ ಕಸುಬಿನಲ್ಲಿ ಮೊದಲ ಸಲ, ತಿರುಗಿಸದೆಯೇ ಒಂದು ಹುಲಿಯನ್ನು ಕೊಂದು ಬಂದಿದ್ದ. ಅಜ್ಜಿ ಈಗ ಬೆಂಕಿ ಹಚ್ಚುತ್ತಿರುತ್ತಾಳೆ. ಅವಳ ಮನೆ ಹಿಂದಿದೆ. ಹಿಂದೆ ಸೊಕ್‌ಹುನ್ ಇದ್ದಾಳೆ... ಇಲ್ಲವೇ ಅವಳ ದನಿ ಕದ್ದ ಇನ್ನೇನೋ. ಮುಂದೆ ಹೋದರೆ ಮನೆ, ಇಬ್ಬರ ಅನ್ನ. ಆ ಹೆಸರು ಕಿವಿಗೆ ಬಿದ್ದು ಎಷ್ಟು ಕಾಲವಾಗಿತ್ತೋ...

ಎಡಗಡೆಯಿಂದ ಹಿಂದಕ್ಕೆ ತಿರುಗಿದ.

ಯಾರೂ ಇಲ್ಲ. ಎಡ ಹೆಗಲ ಮೇಲೆ ಮಾತ್ರ... ಪುಸ್. ಎಣ್ಣೆದೀಪ ಊದಿದ ಸದ್ದು.

ಓಡಿದ. ಡಬ್ಬಿಯಲ್ಲಿ ಬೆಂಕಿ ಚಟಪಟ ಅನ್ನುತ್ತಿತ್ತು. ಅಜ್ಜಿಯ ಬೆರಳ ತುದಿಯಲ್ಲಿ ಸ್ಟಾಂಪು.

"ತಡಿ ಅಜ್ಜಿ!"

"ಅಯ್ಯೋ! ದೆವ್ವ ಅಂದ್ಕೊಂಡೆ, ನೀನಾ?"

ಕಸಿದುಕೊಂಡ. ತಿರುಗಿಸಿದ. ಬೆಂಕಿಯ ಬೆಳಕಿಗೆ ಹಿಡಿದ.

"ಏನೋ? ನಕಲಿ ಅಂದ್ಯಲ್ಲ?"

"ಇಲ್ಲ ಅಜ್ಜಿ... ಹುಲಿ ಬದುಕಿದೆ. ಅಸಲಿ."

"ಸೂರಿಗೆ ಆಗುತ್ತಾ?"

"ಸೂರಿಗೂ ಆಗುತ್ತೆ, ಗೋಡೆಗೂ ಆಗುತ್ತೆ."

ಅಜ್ಜಿ ಬೆಂಕಿಯ ಕಡೆ ತಿರುಗಿ ಗಂಡನನ್ನು ಬೈದಳು: "ಬದುಕಿದ್ದಾಗ ಒಂದೇ ಒಂದು ನಿಜ ಹೇಳಿದ್ಯಲ್ಲೋ ಮುದುಕಾ, ಅದನ್ನೂ ನಂಬಲಿಲ್ಲ ನಾನು."

ಈಗ ಆ ಸೂರು ಸೋರುವುದಿಲ್ಲ. ಹೋಗಿ ನೋಡಿ, ಹೊಸ ಕೆಂಪು ಹೆಂಚು.

ತೆಕ್‌ಬುನ್‌ನ ಎಡ ಹೆಗಲು ಮಾತ್ರ ಅವತ್ತಿನಿಂದ ತಣ್ಣಗೇ ಇದೆ. ಆದರೂ ಬಾವಿಯ ದಾರಿ ಬಿಟ್ಟಿಲ್ಲ. ಅದೇ ನನಗೆ ಭಯ. ಮತ್ತೆ ಕರೆದರೆ ಖುಷಿಯಿಂದಲೇ ತಿರುಗುತ್ತಾನೆ. ಹಾಗಾಗಿ ಈಗೀಗ ಅಂಗಡಿ ಮುಚ್ಚಿದ ಮೇಲೆ ನಾನೇ ಅವನ ಬೆನ್ನು ಹಿಡಿದು ನಡೆಯುತ್ತೇನೆ. "ಅ-ಬುನ್, ಲೋ ಅ-ಬುನ್" ಅಂತ ದಾರಿಯುದ್ದಕ್ಕೂ ಕೂಗಿ ಕಾಡಿಸುತ್ತೇನೆ. ಇನ್ನೊಬ್ಬರಿಗೆ ಕರೆಯಲು ಸಂದು ಸಿಗಬಾರದು ನೋಡಿ.

ನಿನ್ನೆ ಮನೆಯ ಬೀಗ ತೆಗೆಯುತ್ತಾ, ತಿರುಗದೆಯೇ ಹೇಳಿದ: "ಕೂಗೋದು ಕೂಗು. ಆದ್ರೆ ಕಾಲು ಯಾಕೆ ಎಳೀತೀಯಾ?"

ನಾನು ಎಳೆದಿರಲಿಲ್ಲ. ಕಾಲಲ್ಲಿ ಇದೇ ಚಪ್ಪಲಿ ಇತ್ತು... ನೋಡಿ, ಬಗ್ಗಿ ನೋಡಿ. ರಬ್ಬರು. ಸದ್ದೇ ಬರುವುದಿಲ್ಲ.

ಸುಳ್ಳಾಗಿದ್ದರೆ ಈ ಚಹಾದ ದುಡ್ಡು ನಾನೇ ಕೊಡುತ್ತಿದ್ದೆ. ನಿಜವಾದ್ದರಿಂದ... ನೀವು ಕೊಟ್ಟುಬಿಡಿ.