ರಾಜರು ಬರೋದು ಆಮೇಲೆ

ಬಾಗಿಲು ಹಾಕ್ಕೊಂಡು ಬಾರೋ ದೊನಾತು, ಚಳಿಯೆಲ್ಲ ಒಳಗೆ ನುಗ್ತಿದೆ! ಏನಂದೆ? ಇಲ್ವಾ? ಬಾಲಯೇಸುವಿನ ಬೊಂಬೆ ಚರ್ಚಿನ ಬೀರುವಿನಲ್ಲಿ ಇಲ್ವಾ? ಅಯ್ಯೋ ದೇವರೇ! ಕ್ರಿಸ್‌ಮಸ್ ಹಿಂದಿನ ಸಂಜೆ, ಮಗೂನ ಮಲಗಿಸೋ ಗೋದಲಿ ಖಾಲಿ! ಸರಿಯಾಗಿ ಹುಡುಕಿದ್ಯಾ? ನಿನಗೆ ಚಿಕ್ಕಂದಿನಿಂದಲೂ ಕಣ್ಣೆದುರಿಗಿರೋದು ಕಾಣ್ಸಲ್ಲ.

ಯಾಕೋ ಹಾಗೆ ನೋಡ್ತೀಯ? ಬೀರು ತೆಗೆದದ್ದು ನಾನೇ, ಹೌದು. ಮದುವೆಯಾಗಿ ಬಂದಾಗಿಂದ ಬೊಂಬೆಯ ಬಟ್ಟೆ ಒಗೆಯೋಳು ನಾನೇ ಅಲ್ವಾ? ಒಗೆದೆ, ಇಸ್ತ್ರಿ ಮಾಡಿದೆ, ಇಟ್ಟೆ, ಬೀಗ ಹಾಕಿದೆ. ಅಷ್ಟೇ. ಊರಿಗೆಲ್ಲ ನೀನು ಫಾದರ್ ಇರಬಹುದು, ಈ ದೊಡ್ಡಮ್ಮನಿಗೆ ದೊನಾತುನೇ. ಕೂತ್ಕೋ. ಹಿಟ್ಟಿನುಂಡೆ ಕರೀತಿದೀನಿ, ಒಳಗೆ ಉಪ್ಪುಮೀನು ಇಟ್ಟು. ಬೇಡ್ವಾ? ಬಾಣಲೆಯಿಂದಲೇ ಕದ್ದು ಬಾಯಿ ಸುಟ್ಕೊಳ್ತಿದ್ದೋನು ನೀನು!

ಮೆಲ್ಲಗೆ ಮಾತಾಡ್ಬೇಕಾ? ಯಾಕೆ? ನನ್ನ ಮನೆ, ನನ್ನ ಗಂಟಲು. ನಿಮ್ಮ ದೊಡ್ಡಪ್ಪ ಮಲಗಿದಾರೆ ನಿಜ, ಆದ್ರೆ ಅವರ ಕಿವಿ ಗೊತ್ತಲ್ಲ, ಎಬ್ಬಿಸೋಕೆ ಫಿರಂಗಿ ಬೇಕು... ಏಯ್, ಎಲ್ಲಿ ಹೊರಟೆ? ಒಳಗೆ ಹೋಗ್ಬೇಡ! ಈಗಷ್ಟೇ ನಿದ್ದೆ ಹತ್ತಿದೆ. ಕೂತ್ಕೋ ಅಂದೆ!

ಯಾಕೆ ನಗ್ತೀಯ? ನಗು, ನಗು. ನಗೋ ಕಾಲ ನಿನ್ನದು.

ಒಂದು ಕೇಳ್ತೀನಿ. ಈ ಊರಲ್ಲಿ ಬಾಲಯೇಸುವನ್ನ ಎತ್ಕೊಂಡು ಚರ್ಚಿನೊಳಗೆ ತರೋದು ಯಾರು? ಕುರಿ ಕಾಯೋ ಮನೆಯೋರು. ನಿಮ್ಮಜ್ಜ ತಂದ್ರು. ಅವರಾದ ಮೇಲೆ ಸಬೀನೋ, ನಿನ್ನ ದೊಡ್ಡಪ್ಪ. ಮೈಮೇಲೆ ಕುರಿಚರ್ಮದ ಕೋಟು, ಕೈಯಲ್ಲಿ ಮಗು. ಹಿಮ ಬೀಳಲಿ, ಜ್ವರ ಬರಲಿ, ತಪ್ಪಿಸಿದವರಲ್ಲ. ಮೇಯರು, ಡಾಕ್ಟರು, ಎಲ್ಲರೂ ಎದ್ದು ದಾರಿ ಬಿಡ್ತಿದ್ರು. ವರ್ಷಕ್ಕೊಂದ್ಸಲ, ಒಂದೇ ಒಂದ್ಸಲ ಕಣೋ, ನಮ್ಮ ಕುರಿವಾಸನೆಗೆ ಯಾರೂ ಮೂಗು ಮುಚ್ಕೋತಿರ್ಲಿಲ್ಲ.

ಈ ವರ್ಷ? ಗ್ವೆರೀನೋ ತರ್ತಾನಂತೆ, ನೀನೇ ಒಪ್ಪಿದ್ಯಂತೆ. ಕಲ್ಲುಗಣಿ ಗ್ವೆರೀನೋ! ಚರ್ಚಿನ ಸೂರು ರಿಪೇರಿ ಮಾಡಿಸಿಕೊಟ್ಟ, ನಿಜ. ಸೋರೋದು ನಿಂತಿತು, ಅದೂ ನಿಜ. ನಮ್ಮ ಮೇವಿನ ಗುಡ್ಡಾನ ಗಣಿಗೆ ಸೇರಿಸ್ಕೊಂಡೋನು ಯಾರು? ಅವನೇ ಅಲ್ವಾ? ಚರ್ಚಿಗೆ ಬರಲಿ, ನಾನು ಬೇಡ ಅಂದ್ನಾ? ಯೇಸು ಹುಟ್ಟಿದಾಗ ಆ ಮೂವರು ರಾಜರೂ ಬಂದ್ರು ಮಗೂನ ನೋಡೋಕೆ. ಯಾವಾಗ ಬಂದ್ರು? ಆಮೇಲೆ! ಜನವರಿ ಆರಕ್ಕೆ! ಬಂದು ಮೊಣಕಾಲೂರಿದ್ರು, ಎತ್ಕೊಂಡು ಮೆರೀಲಿಲ್ಲ. ದೇವದೂತರು ಸುದ್ದಿ ಹೇಳಿದ್ದು ಅರಮನೆಗಲ್ಲ, ಗುಡ್ಡದ ಮೇಲೆ ಕುರಿ ಕಾಯ್ತಾ ನಡುಗ್ತಿದ್ದೋರಿಗೆ. ಇದನ್ನ ನನಗೆ ಹೇಳಿಕೊಟ್ಟಿದ್ದು ಯಾರು? ನೀನು! ಪಾದ್ರಿಯಾಗಿ ಬಂದ ಮೊದಲ ಕ್ರಿಸ್‌ಮಸ್‌ಗೆ ನೀನು ಹೇಳ್ತಿದ್ದೆ, ನಾನು ಕೊನೇ ಬೆಂಚಲ್ಲಿ ಶಾಲಿನ ತುದೀಲಿ ಕಣ್ಣೊರೆಸ್ಕೊಳ್ತಿದ್ದೆ. ನಮ್ಮ ಹುಡುಗ ನಮ್ಮ ಮಾತಾಡ್ತಿದಾನೆ ಅಂತ.

ಹೂಂ, ನಿನ್ನ ದೊಡ್ಡಪ್ಪನ ಕಾಲು ಬಿದ್ದುಹೋಗಿದೆ. ನನಗೆ ಹೇಳ್ಬೇಕಾ? ದಿನಾ ಎಣ್ಣೆ ತಿಕ್ಕೋಳು ನಾನು. ಕುರ್ಚೀಲಿ ಕೂರಿಸಿ ಹೊತ್ಕೊಂಡು ಹೋಗೋಕೆ ಊರಲ್ಲಿ ನಾಲ್ಕು ಜನ ಇರ್ಲಿಲ್ವಾ? ಹೋಗಲಿ, ನೀನು ಯಾರ ಮಗ? ಕುರಿ ಕಾಯೋನ ಮಗ ತಾನೇ? ನೀನೇ ಎತ್ಕೋಬಹುದಿತ್ತು! ಬೇರೆ ಯಾವ ಪಾದ್ರಿ ಮಾಡಿದ್ರೂ ಬೈದು ಸುಮ್ಮನಾಗ್ತಿದ್ದೆ. ನೀನು... ನನ್ನ ಕೈಯಿಂದ ತುತ್ತು ತಿಂದೋನು... ಉಂಡ ಮನೆ ಜಂತೆ ಎಣಿಸೋದು ಅಂದ್ರೆ ಇದೇ ಕಣೋ.

ಬಂದು ಒಂದು ಮಾತು ಹೇಳಿದ್ಯಾ ಅವರಿಗೆ? ಬೇಕರಿಯೋಳ ಬಾಯಿಂದ ನನಗೆ ಗೊತ್ತಾಗ್ಬೇಕು! ಅವರಿಗೆ ಇನ್ನೂ ಗೊತ್ತಿಲ್ಲ. ಬೆಳಗ್ಗೆ ಗಡ್ಡ ಹೆರೆಸ್ಕೊಂಡ್ರು. ಕೋಟು ಹಾಕು ಅಂದ್ರು. "ಹುಡುಗರು ಎಷ್ಟೊತ್ತಿಗೆ ಬರ್ತಾರೆ, ನನ್ನ ಹೊತ್ಕೊಂಡು ಹೋಗೋಕೆ?" ಅಂತ ಕೇಳಿದ್ದೇ ಕೇಳಿದ್ದು. ನಾನು ಏನು ಹೇಳ್ಲಿ? ನೀನೇ ಹೇಳು... ಏನು ಹೇಳ್ಬೇಕಿತ್ತು?

ಹೇಳೋ. ಬಾಯಿ ಬಿಡು. ಬೈಯೋದಾದ್ರೆ ಬೈದುಬಿಡು! ಹಾಗೆ ಸುಮ್ಮನೆ ಕೂರಬೇಡ. ಕೂರಬೇಡ್ವೋ, ನಿನ್ನ ದಮ್ಮಯ್ಯ! ಛೇ, ಈ ಬಾಣಲೆ ಸದ್ದೂ ಈಗಲೇ ನಿಲ್ಲಬೇಕಾ...

...

ಕೇಳಿಸ್ತಾ?

ಹೂಂ. ಅವರೇ. ಜೋಗುಳ. ನಿನ್ನ ತೊಡೆಮೇಲೆ ಹಾಕ್ಕೊಂಡು ಹಾಡ್ತಿದ್ರಲ್ಲ, ಅದೇ. ಅದು ನಿನ್ನ ಕಿವಿಗೆ ಬೀಳದಿರಲಿ ಅಂತಲೇ ಆಗಿಂದ ಗಂಟಲು ಹರ್ಕೊಳ್ತಿದೀನಿ.

ನೀನು ಹುಡುಕ್ತಿರೋ ಮಗು ಅವರ ತೋಳಲ್ಲಿದೆ. ಹೊಟ್ಟೆಕಿಚ್ಚಿಗೆ ತಂದಿದ್ದಲ್ಲ ಕಣೋ. ನನಗೆ ಬೇರೆ ದಾರಿ ಹೊಳೀಲಿಲ್ಲ. "ಈ ಸಲ ನೀವು ಹೋಗೋದು ಬೇಡ, ಮಗೂನೇ ನಿಮ್ಮನ್ನ ನೋಡೋಕೆ ಬಂದಿದೆ, ದೊನಾತು ಕಳಿಸಿದಾನೆ" ಅಂದುಬಿಟ್ಟೆ. ಅತ್ತುಬಿಟ್ರು. "ನೋಡಿದ್ಯಾ, ನಮ್ಮ ಹುಡುಗ ನಮ್ಮನ್ನ ಮರೀಲಿಲ್ಲ" ಅಂದ್ರು.

ಅಕೋ, ಹೊರಗೆ ಗ್ವೆರೀನೋ ಕಾರು ಹಾರ್ನ್ ಹೊಡೀತಿದೆ. ಎದ್ಯಾ? ನಾನು ಅಡ್ಡ ಬರಲ್ಲ. ಆದ್ರೆ ನಾನು ತಂದುಕೊಡೋದೂ ಇಲ್ಲ. ನೀನೇ ಹೋಗು, ಅವರ ಕೈಯಿಂದ ನೀನೇ ಬಿಡಿಸ್ಕೊ.

ಹುಷಾರು, ಆ ಬಾಗಿಲು ಗಿಡ್ಡ. ತಲೆ ಬಗ್ಗಿಸ್ಕೊಂಡು ಹೋಗು.