ಮಂಗಳವಾರದ ಡಾಕ್ಟರ್

...ಅಲ್ಲ ಬೇ ದೇವಕ್ಕ, ಆ ಮೀನಿನ ಪೆಟ್ಟಿಗಿ ಎದಕ್ಕಂತ ನಾ ಕೇಳಾಕತ್ತೇನಿ. ನಿನ್ನ ಗಂಡ ಶಿವಲಿಂಗ ಒಳಗ ಮೂಗಿಗೆ ನಳಿಗಿ ಹಾಕ್ಕೊಂಡು ಮಲಗ್ಯಾನ, ಇಲ್ಲಿ ಹೊರಗ ಮೀನಿಗೆ ಗುಳುಗುಳು ಗಾಳಿ ಬಿಡಾಕತ್ತಾರ! ಕುಂಡ್ರ. ಎಷ್ಟೊತ್ತಂತ ಬಾಗಲಾ ನೋಡ್ಕೋತ ನಿಂದರತಿ? ನೀ ನಿಂತ್ರ ಅವ್ರು ಲಗೂ ತಗೀತಾರೇನು? ನಾ ಅದೇನಿ. ನಿಮ್ಮಣ್ಣ ವೀರಪ್ಪ ಇರೂತನಾ ಈ ದವಾಖಾನ್ಯಾಗ ನಿನ್ನ ಯಾರೂ ಕಡೆಗಣಿಸೂದಿಲ್ಲ.

ಆ ಬೋರ್ಡ್ ಓದು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ. ನಾಲ್ಕೂರು, ಒಂದೇ ಕುಟುಂಬ. ಕುಟುಂಬ ಅಂತ! ನಾಲ್ಕೂರಿಗೆ ನಾಲ್ಕು ಕಟ್ಟಡ, ನಾಲ್ಕು ಮೀನಿನ ಪೆಟ್ಟಿಗಿ. ಎದಿ ನೋಡಾಂವ ಮಾತ್ರ ಒಬ್ಬನ. ಸೋಮವಾರ ಕಿತ್ತೂರು, ಮಂಗಳವಾರ ಸವದತ್ತಿ, ಬುಧವಾರ ರಾಮದುರ್ಗ, ಗುರುವಾರ ಇಲ್ಲಿ. ಸಂತಿಯಿಂದ ಸಂತಿಗೆ ಬಳಿ ಮಾರಾವ್ರು ತಿರುಗತಾರಲ್ಲ, ಹಂಗ. ನಮ್ಮ ಎದಿ ನೋವೂ ಇನ್ನ ಪಂಚಾಂಗ ನೋಡ್ಕೊಂಡು ಬರಬೇಕು!

ಯಾಕ? ಯಾಕ ಹಂಗ ನೋಡಿದಿ? ಚ್ಯಾಷ್ಟಿಗಂದೆ.

ಇವತ್ತ ಸೋಮವಾರ ಅಲ್ಲೇನು? ಅಂವಾ ಕಿತ್ತೂರಾಗ ಕುಂತಾನ. ಇಲ್ಲಿ ಈ ಸಣ್ಣ ಹುಡುಗಿ ಡಾಕ್ಟರ್, ಸ್ನೇಹಲ್ ಅಂತ, ಇಸಿಜಿ ತಗದು ಫೋನಿನ್ಯಾಗ ಫೋಟೋ ಕಳಸತಾಳ. ಅಂವಾ ಅಲ್ಲಿಂದ ಹಿಂಗ ಮಾಡು, ಹಂಗ ಮಾಡು ಅಂತಾನ. ನಿನ್ನ ಗಂಡನ ಎದಿ ಬೈಲಹೊಂಗಲದಾಗ, ಡಾಕ್ಟರ್ ಕಿತ್ತೂರಾಗ. ಎಂಥಾ ವೈದ್ಯಕಿ!

ಮುಂಜಾನಿ ಸವದತ್ತ್ಯಾಗ ಏನಾತು? ನೀನ ಇದ್ದೆಲ್ಲಾ. ಮನಷ್ಯಾ ಬೆವತು ನೀರಾಗ್ಯಾನ, ಆ ಕೌಂಟರಿನ ಹುಡುಗಿ ಲಿಪ್‌ಸ್ಟಿಕ್ ಸರಿ ಮಾಡ್ಕೋತ, ‘ಎದಿ ಡಾಕ್ಟರ್ ಇವತ್ತ ಇಲ್ಲರಿ, ನಾಳೆ ಬರ್ರಿ’ ಅಂದ್ಲು. ನಾಳೆ! ಎದಿ ಹಿಡಕೊಂಡಾಂವಗ ನಾಳೆ ಬಾ ಅನ್ನಾಕ ಅಕಿಗೆ ಬಾಯಿ ಹೆಂಗ ಬಂತು? ನಾಚಿಗಿ ಬ್ಯಾಡೇನು? ಮನಷ್ಯಾರ ಜೀವಾ ಅಂದ್ರ...

ಏನು? ಏನರ ಅಂದೇನು? ಇಲ್ಲ? ಅಂದಂಗಾತು.

ನೀರು ಕುಡಿ. ಬ್ಯಾಡ? ಬಿಡು.

ಇವರನ್ನ ನಾ ಇವತ್ತಿಂದ ನೋಡಾಕತ್ತಿಲ್ಲ. ಹತ್ತು ವರ್ಷಾತು. ಒಳಗ ಬಂದ ಕೂಡ್ಲೆ ‘ನಮಸ್ಕಾರ ವೀರಪ್ಪಣ್ಣ’ ಅಂತಾರ, ಕೇಳಿದೆಲ್ಲಾ? ನಮ್ಮೂರು ಚಚಡ್ಯಾಗ ಯಾರಿಗರ ಕಾಲು ಮುರೀಲಿ, ಕಣ್ಣಿಗೆ ಪೊರಿ ಬರಲಿ, ಮೊದಲ ನನ್ನ ಮನಿಗೆ ಬರತಾರ. ಎಲುಬಿನಾಂವ ಯಾವತ್ತು, ಕಣ್ಣಿನಾಕಿ ಯಾವತ್ತು, ಎಲ್ಲಾ ಬಾಯಿಪಾಠ. ತಂಗೆವ್ವನ ಮೊಣಕಾಲಿಗೆ ಹದಿನೈದು ದಿನ ತಡಿ ಅಂದೆ, ಸರಿಯಾದ ಡಾಕ್ಟರ್ ಬಂದ ದಿನಾನ ತೋರಿಸಿದೆ. ಈಗ ನಡೀತಾಳೋ ಇಲ್ಲೋ? ಸರಕಾರಿ ದವಾಖಾನಿಗೆ ಓಡಿದ್ದರ ಏನ್ ಕೊಡತಿದ್ರು? ಎರಡು ಬಿಳಿ ಗುಳಿಗಿ! ಅಲ್ಲಿ ಯಾವತ್ತ ಹೋದ್ರೂ ಅಷ್ಟ. ಬಾಗಲಾ ಏನೋ ತಗದ ಇರತೈತಿ, ಶನಿವಾರನೂ ತಗದ ಇತ್ತು, ಆದ್ರ...

ಶನಿವಾರ ಅಂದ್ನೇನು? ಸುಮ್ನ ಒಂದು ವಾರದ ಹೆಸರು ಬಾಯಿಗೆ ಬಂತು.

ಬಂದ್ಲು ನೋಡು ಆ ಹುಡುಗಿ ಡಾಕ್ಟರ್. ಏನ್ರಿ ಮೇಡಂ? ಹೇಳೇನಲ್ರಿ... ಇವತ್ತ ಮುಂಜಾನಿ. ಏಳೂವರಿಗೆ, ಹೊಲದಾಗ. ಅದಕ್ಕಿಂತ ಮೊದಲ ಏನೂ ಇದ್ದಿಲ್ರಿ. ಹ್ಞೂಂ ರಿ, ಖಾತ್ರಿ.

ಹೋದ್ಲು. ಮೂರನೇ ಸಲ ಇದನ್ನ ಕೇಳಾಕತ್ತಾಳ! ನೋವು ಯಾವಾಗ ಸುರು ಆತು ಅನ್ನೂದರ ಮ್ಯಾಲೆ ಯಾವ ಇಂಜೆಕ್ಷನ್ ಅನ್ನೂದು ಐತೆಂತ. ತಪ್ಪು ಹೊತ್ತು ಹೇಳಿದ್ರ ಔಷಧಾನ ಜೀವಕ್ಕ ಎರವಾಗಬಹುದಂತ. ಇಸಿಜಿ ನೋಡಿದ್ರ ನೋವು ಹಳೇದು ಅನಸತೈತೆಂತ. ಹಾಳ್ಯಾಗಿನ ಗೆರಿ ನೋಡಿ ಹಳೇದು ಹೊಸಾದು ಅನ್ನಾಕ ಇಕಿಗೇನು ತಿಳೀತೈತಿ? ನಿನ್ನೆ ಮೊನ್ನೆ ಕಾಲೇಜ ಬಿಟ್ಟು ಬಂದ ಕೂಸು...

ದೇವಕ್ಕ. ಅಕಿ ನಿನ್ನ ಮಾರಿ ನೋಡಿದ್ಲು. ನೀ ಯಾಕ ಬಾಯಿ ತಗೀಲಿಲ್ಲ? ನಮ್ಮಣ್ಣ ಹೇಳಿದ್ದ ಖರೆ ಅನಬೇಕಿತ್ತು. ಇಲ್ಲಾ, ಸುಳ್ಳು ಅನಬೇಕಿತ್ತು. ಎರಡೂ ಅನಲಿಲ್ಲ. ನೆಲಾ ನೋಡಿದಿ.

ಮಾತಾಡು. ಬೈಯೂದಿದ್ರ ಬೈಯಿ.

ಶಿವಲಿಂಗ ನಿನಗ ಹೇಳ್ಯಾನೇನು?

...ಹೇಳ್ಯಾನ. ನಿನ್ನ ಮಾರಿ ನೋಡಿದ್ರ ತಿಳೀತೈತಿ.

ಮತ್ತ ಮುಂಜಾನಿಂದ ನನ್ನ ಬಾಜೂಕ ಕುಂತು, ನನ್ನ ಮಾತೆಲ್ಲಾ ಕೇಳ್ಕೋತ... ಆ ಕೌಂಟರಿನ ಹುಡುಗೀನ ಬೈಯೂದನ್ನೂ ಕೇಳ್ಕೋತ...

ಶನಿವಾರ ನನ್ನ ಮನಿಗೆ ಬಂದು ಎಡಗೈ ಜೋಮು ಹಿಡದೈತಿ ಅಂದ. ಎದಿ ಮ್ಯಾಲೆ ಯಾರೋ ಮೊಣಕಾಲು ಊರಿದಂಗ ಆಗತೈತಿ ಅಂದ. ನಾ ಚಹಾ ಕುಡ್ಯಾಕತ್ತಿದ್ದೆ. ಸರಕಾರಿ ದವಾಖಾನಿಗೆ ಹೋಗಿ ಬರಲೇನು ಅಂತ ಕೇಳಿದ. ನಾ ನಕ್ಕೆ, ದೇವಕ್ಕ. ಅಲ್ಲೇನ್ ಐತೋ ಹುಚ್ಚಪ್ಪಾ, ಮಂಗಳವಾರ ದೊಡ್ಡ ಡಾಕ್ಟರ್ ಸವದತ್ತಿಗೆ ಬರತಾನ, ಮೊದಲನೇ ನಂಬರ್ ನಿನ್ನ ಹೆಸರಿಗೆ ಹಚ್ಚಸತೇನಿ ಅಂದೆ. ‘ಆತು ವೀರಪ್ಪಣ್ಣ’ ಅಂದ. ಅಷ್ಟ. ತಿರುಗಿ ಒಂದು ಮಾತು ಕೇಳಲಿಲ್ಲ. ಐತವಾರ ಪೂರಾ ದಿನ ನಾನೂ ಒಂದು ಫೋನ್ ಮಾಡಲಿಲ್ಲ.

ಈಗರ ಏನರ ಅನ್ನು ಬೇ! ನೆಲಾ ಏನ್ ನೋಡತಿ?

ಅಕಿ ಕೇಳಿದಾಗ ಯಾಕ ಸುಮ್ನಿದ್ದಿ? ಯಾರ ಸಲುವಾಗಿ? ನಾಳೆ ಊರಾಗ ಮಂದಿ ವೀರಪ್ಪನ ಮಾತು ಕೇಳಿ ಕೆಟ್ಟ ಅನಬಾರದಂತೇನು? ತವರಮನಿ ಮಾನ ಕಾಯಾಕೇನು? ಒಳಗ ಮಲಗಿದಾಂವ ನಿನ್ನ ಗಂಡ ಅದಾನ, ಹುಚ್ಚವ್ವಾ... ಅಳಬ್ಯಾಡ. ಹಂಗ ಸಪ್ಪಳಿಲ್ದ ಅಳಬ್ಯಾಡ.

ಮೇಡಂ! ಮೇಡಂ, ಬಾಗಲಾ ಹಾಕಬ್ಯಾಡ್ರಿ! ಇಂಜೆಕ್ಷನ್ ಕೊಟ್ರೇನು? ಇನ್ನೂ ಇಲ್ಲ? ಕೊಡಬ್ಯಾಡ್ರಿ, ತಡೀರಿ. ನೋವು ಇವತ್ತಿಂದಲ್ರಿ. ಶನಿವಾರದಿಂದ. ಶನಿವಾರ ಮುಂಜಾನಿ ಒಂಬತ್ತೂವರಿಗೆ, ಎಡಗೈ ಸೈತ... ಖಾತ್ರಿ ರಿ. ಹೆಂಗ ಗೊತ್ತಂದ್ರ...

ಬರಕೋರಿ. ಅಂವಾ ಕೇಳಿದ್ದ. ತಡಿ ಅಂದಾಂವ ನಾನ.