ಕೆಂಪು ಪುಡಿಯ ಗುಳ್ಳೆಗಳು

ನಗಬೇಡ ಪುಟ್ಟೀ! ಗುಳ್ಳೆ ಬರ್ಲಿಲ್ಲ ಅಂದ್ರೆ ನಗೋ ಮಾತಾ ಅದು? ...ಅಳ್ತಿದ್ದೀಯಾ? ಅಯ್ಯೋ, ಮಾಸ್ಕ್ ಹಾಕಿದ್ದೀಯಲ್ಲ, ನಗು ಅಂದ್ಕೊಂಡೆ. ಕೂತ್ಕೋ. ಆ ಸ್ಟೂಲ್ ಬೇಡ, ಅದರ ಕಾಲು ಅಲ್ಲಾಡುತ್ತೆ.

ಮೊನ್ನೆವರೆಗೂ ಬರ್ತಿತ್ತು, ಇವತ್ತು ಮೂರು ಸಲ ಮಾಡಿದ್ರೂ ಇಲ್ಲ ಅಕ್ಕಾ ಅಂತೀಯ. ಗಾಳಿ ಹೊಕ್ಕಿರುತ್ತೆ! ನಮ್ಮ ಕೆಂಪು ಪುಡಿ ಗೊತ್ತಲ್ಲ, ಗಾಳಿ ಸೋಕಿದ್ರೆ ಸಾಕು, ಅತ್ತೆ ಕಂಡ ಸೊಸೆ ಹಾಗೆ ಮುಖ ಕಪ್ಪಿಡುತ್ತೆ. ...ಕೆಂಪಗೇ ಇತ್ತಾ? ಹಾಗಿದ್ರೆ ಆಸಿಡ್ ಹಳೇದು. ...ಇವತ್ತೇ ತೆರೆದ ಬಾಟಲಿನಾ? ಹೂಂ. ಎಲ್ಲದಕ್ಕೂ ಒಂದು ಉತ್ತರ ಇಟ್ಕೊಂಡಿದ್ದೀಯ ಬಿಡು.

ನೋಡು, ಕೆಲವು ಬ್ಯಾಕ್ಟೀರಿಯಾಗಳಿಗೆ ಹೈಡ್ರೋಜನ್ ಮಾಡೋದು ನೀರು ಕುಡಿದಷ್ಟು ಸಲೀಸು. ಅವುಗಳ ಕಿಣ್ವದೊಳಗೆ ಒಂದು ನಿಕ್ಕಲ್ಲು, ಒಂದು ಕಬ್ಬಿಣ ಜೊತೆಗೆ ಕೂತಿರುತ್ತೆ, ಹೈಡ್ರೋಜನ್ ಬುಳುಬುಳು ಅಂತ ಬರುತ್ತೆ. ಅದರ ನಕಲನ್ನ, ಈ ಕೆಂಪು ಪುಡೀನ, ಸೀಸೇಲಿ ಮಾಡಿ ತೋರಿಸ್ದೋರು ನಾವು! ಪತ್ರಿಕೇಲಿ ಅಚ್ಚಾಗಿದೆ. ಮೇಷ್ಟ್ರು ಊರೆಲ್ಲಾ ಡಂಗುರ ಹೊಡೆದಿದ್ದಾರೆ. ಮೂರು ಗಂಟೆಗೆ ನಿನ್ನ ಪಿಎಚ್‌ಡಿ ಪರೀಕ್ಷಕರು ಬರ್ತಾರೆ, ಕಣ್ಣೆದುರಿಗೇ ಮಾಡಿ ತೋರಿಸು ಅಂದಿದ್ದಾರೆ. ಈಗ ಕೈಚೆಲ್ಲಿ ಕೂತ್ರೆ ನಿನ್ನ ನಾಲ್ಕು ವರ್ಷ ಹೊಳೇಲಿ ಹುಣಸೇಹಣ್ಣು ತೊಳೆದ ಹಾಗಾಗುತ್ತೆ ಕಣೇ!

ಏಳು, ನಾನೇ ಮಾಡ್ತೀನಿ. ಪುಡಿ ತೂಗಿದ್ದೀಯಾ? ಕೊಡು. ಆಸಿಡ್ಡು, ಎಲೆಕ್ಟ್ರಾನ್ ಕೊಡೋ ದ್ರಾವಣ... ಸರಿ. ಸೀಸೆಯೊಳಗೆ ಹಾಕಿ ಕಲಕೋ ಮ್ಯಾಗ್ನೆಟ್ ಎಲ್ಲಿ? ಥೂ, ಇದಲ್ಲ, ಇದು ಹೊಸದು. ನಾನು ಕೊಟ್ಟಿದ್ದು, ಹಳೇದು, ಮೈಯೆಲ್ಲಾ ಗೀರು ಬಿದ್ದಿದ್ದು... ಬಿಸಾಕಿದ್ಯಾ? ಯಾರನ್ನ ಕೇಳಿ ಬಿಸಾಕಿದೆ? ಅದಿಲ್ದೆ ಗುಳ್ಳೆ ಹೇಗೇ ಬರುತ್ತೆ...

ಏನು? ಯಾಕ್ ಹಾಗೆ ನೋಡ್ತಿದ್ದೀಯ?

ಬರೀ ಕಲಕೋಕೆ ಕಣೇ ಅದು. ಯಾವುದಾದ್ರೂ ಒಂದೇ. ಏನೋ ಬಾಯ್ತಪ್ಪಿ ಅಂದೆ... ಬೈಯಿ ಬೇಕಾದ್ರೆ. ಹೀಗೆ ನನ್ನನ್ನೇ ನೋಡ್ಬೇಡ, ನನಗೆ ಭಯ ಆಗುತ್ತೆ!

...ಹೌದು. ಹಿಂದೆ ಯಾರೋ ಅದರಲ್ಲಿ ಪ್ಲಾಟಿನಂ ಕಲಕಿದ್ರು. ಆ ಗೀರುಗಳಲ್ಲಿ ಚೂರುಪಾರು ಉಳ್ಕೊಂಡಿತ್ತು. ಗುಳ್ಳೆ ಬರಿಸ್ತಿದ್ದಿದ್ದು ಅದು, ನಮ್ಮ ಪುಡಿ ಅಲ್ಲ. ಒಂದು ಸಲ ಪುಡಿ ಹಾಕದೇನೇ, ಬರೀ ಆ ಮ್ಯಾಗ್ನೆಟ್ ಹಾಕಿ ಮಾಡಿ ನೋಡಿದ್ದೆ... ಬಂತು. ಬೇಕಾದಷ್ಟು ಬಂತು. ಸೀಸೆ ತೊಳೆದಿಟ್ಟು ಮನೆಗೆ ಹೋದೆ. ಯಾರಿಗೂ ಹೇಳ್ಲಿಲ್ಲ.

ಯಾವಾಗ ಅಂತ ಕೇಳಲ್ವಾ? ಕೇಳೇ!

...ಈ ಕೆಲಸ ನಿನ್ನ ಕೈಗೆ ಕೊಡೋ ಹಿಂದಿನ ವಾರ.